ಗರ್ಭಪಾತ ಕಾಯಿದೆ: ‘ಮಹಿಳೆ’ ಎಂದರೆ ಯಾರು?

ವೈದ್ಯಕೀಯ ಗರ್ಭಪಾತ ಕಾಯಿದೆ (ಎಂ.ಟಿ.ಪಿ. ಕಾಯಿದೆ) ಜಾರಿಗೆ ಬಂದು ಐದು ದಶಕಗಳು ಕಳೆದಿವೆ. ಅದರಲ್ಲಿರುವ ‘ಮಹಿಳೆ’ ಎಂಬ ಒಂದು ಪದ ಈಚಿನ ವರ್ಷಗಳಲ್ಲಿ ಚರ್ಚೆಗೆ ಗ್ರಾಸವಾಗಿದೆ. ಮೇಲ್ನೋಟಕ್ಕೆ ಇದು ಬರಿಯ ಶಬ್ದಜಿಜ್ಞಾಸೆಯಂತೆ ತೋರುತ್ತದೆ. ಆದರೆ ಆಸ್ಪತ್ರೆಯಲ್ಲಿ ಯಾರಿಗೆ ಚಿಕಿತ್ಸೆ ದೊರೆಯಬೇಕು ಎಂಬ ಪ್ರಶ್ನೆ ಅದರ ಹಿಂದಿದೆ.

ಹಿನ್ನೆಲೆ

ಭಾರತೀಯ ದಂಡಸಂಹಿತೆಯ 312ನೇ ಕಲಮಿನಂತೆ, ತಾಯಿಯ ಜೀವ ಉಳಿಸುವ ಉದ್ದೇಶದ ಹೊರತು ಗರ್ಭಪಾತ ಮಾಡಿಸುವುದು ಅಪರಾಧವಾಗಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಂ ಅದನ್ನೇ ಮುಂದುವರಿಸಿತು. ಶಾಂತಿಲಾಲ್ ಷಾ ಸಮಿತಿಯ ಶಿಫಾರಸಿನ ಫಲವಾಗಿ ರೂಪುಗೊಂಡ 1971ರ ಕಾಯಿದೆ ಈ ಅಪರಾಧಕ್ಕೆ ಒಂದು ವಿನಾಯಿತಿ ಮಾತ್ರ. ಆರಂಭದ ವಾರಗಳಲ್ಲಿಯೂ ನೋಂದಾಯಿತ ವೈದ್ಯರ ಅಭಿಪ್ರಾಯವೇ ನಿರ್ಣಾಯಕ. ಬಯಸಿದಾಕ್ಷಣ ಗರ್ಭಪಾತ ಮಾಡಿಸಿಕೊಳ್ಳುವ ಹಕ್ಕನ್ನು ಕಾಯಿದೆ ನೀಡಿಲ್ಲ.

ಗರ್ಭನಿರೋಧಕ ಸಾಧನ ವಿಫಲವಾದ ಕಾರಣವನ್ನು ಮೂಲ ಕಾಯಿದೆ ‘ವಿವಾಹಿತ ಮಹಿಳೆ ಅಥವಾ ಆಕೆಯ ಪತಿ’ಗೆ ಸೀಮಿತಗೊಳಿಸಿತ್ತು. 2021ರ ಸೆಪ್ಟೆಂಬರ್ 24ರಂದು ಜಾರಿಗೊಂಡ ತಿದ್ದುಪಡಿ ಅದನ್ನು ‘ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದು ಬದಲಿಸಿತು. 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ನಿಯಮಗಳು ಗುರುತಿಸಿದ ವರ್ಗದವರಿಗೆ 20ರಿಂದ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಭ್ರೂಣದಲ್ಲಿ ಗಂಭೀರ ನ್ಯೂನತೆ ಇದ್ದಲ್ಲಿ 24 ವಾರಗಳ ನಂತರವೂ ವೈದ್ಯಕೀಯ ಮಂಡಳಿ ಅನುಮತಿ ನೀಡಬಹುದು.

ಎರಡು ತೀರ್ಪುಗಳು

25 ವರ್ಷದ ಅವಿವಾಹಿತೆಯೊಬ್ಬರಿಗೆ 2022ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಅನುಮತಿ ನಿರಾಕರಿಸಿತು. ಅವರು ಸುಪ್ರೀಂ ಕೋರ್ಟ್ ಮೊರೆಹೊಕ್ಕರು. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಕರ್ನಾಟಕದವರಾದ ಎ.ಎಸ್. ಬೋಪಣ್ಣ ಹಾಗೂ ಜೆ.ಬಿ. ಪಾರ್ದೀವಾಲಾ ಅವರ ಪೀಠ 2022ರ ಸೆಪ್ಟೆಂಬರ್ 29ರಂದು ತೀರ್ಪು ನೀಡಿ, ವಿವಾಹಿತೆ-ಅವಿವಾಹಿತೆ ಎಂಬ ಭೇದ ಸಲ್ಲದು ಎಂದಿತು. ತೀರ್ಪಿನಲ್ಲಿ ಬಳಸಿರುವ ‘ಮಹಿಳೆ’ ಎಂಬ ಪದ, ಸುರಕ್ಷಿತ ಗರ್ಭಪಾತದ ಅಗತ್ಯವುಳ್ಳ ಇತರ ಲಿಂಗತ್ವದವರನ್ನೂ ಒಳಗೊಳ್ಳುತ್ತದೆ ಎಂದೂ ಸ್ಪಷ್ಟಪಡಿಸಿತು.

2024ರಲ್ಲಿ ಮಹಾರಾಷ್ಟ್ರದ 14 ವರ್ಷದ ಬಾಲಕಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟು ‘ಗರ್ಭ ಧರಿಸಿದ ವ್ಯಕ್ತಿ’ ಎಂಬರ್ಥದ ಪದವನ್ನೇ ಬಳಸಿತು. ಹೆಣ್ಣಾಗಿ ಹುಟ್ಟಿ ಪುರುಷರೆಂದು ಗುರುತಿಸಿಕೊಂಡ ಕೆಲವರೂ ಗರ್ಭ ಧರಿಸಬಲ್ಲರು ಎಂಬುದು ಅದು ನೀಡಿದ ಕಾರಣ.

ಪರ-ವಿರೋಧ

ಪದವನ್ನು ವಿಸ್ತರಿಸಬೇಕೆನ್ನುವವರ ವಾದ ಸರಳ: ಕಾಯಿದೆಯಲ್ಲಿ ಹೆಸರಿಲ್ಲದವರನ್ನು ಆಸ್ಪತ್ರೆ ಹಿಂದಕ್ಕೆ ಕಳುಹಿಸಿದರೆ ಅವರು ಅಸುರಕ್ಷಿತ ಮಾರ್ಗ ಹಿಡಿಯುತ್ತಾರೆ. ಗರ್ಭಪಾತ, ಹೆರಿಗೆ ಸಾವುಗಳ ಹೊರೆ ಹೊತ್ತವಳು ಹೆಣ್ಣು, ಆಕೆಯ ಹೆಸರನ್ನೇ ಅಳಿಸಿದರೆ ಆಕೆಯ ಸಮಸ್ಯೆಯೂ ಮರೆಯಾಗುತ್ತದೆ ಎಂಬುದು ವಿರೋಧಿಸುವವರ ಆತಂಕ. ಆರೋಗ್ಯ ಸಂದೇಶ ಓದು ಬಾರದವರಿಗೂ ಅರ್ಥವಾಗಬೇಕೆಂಬುದು ಅವರ ಇನ್ನೊಂದು ವಾದ.

ವಿದೇಶಗಳಲ್ಲಿಯೂ ಈ ವಿವಾದವಿದೆ. 2021ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಮುಖಪುಟದಲ್ಲಿ ಮಹಿಳೆಯರನ್ನು ‘ಯೋನಿಯುಳ್ಳ ದೇಹಗಳು’ ಎಂದು ಬಣ್ಣಿಸಿ ಟೀಕೆಗೆ ಗುರಿಯಾಯಿತು. ಸಂಪಾದಕರು ಕ್ಷಮೆ ಕೋರಿದರು. ಅದೇ ವರ್ಷ ಬ್ರಿಟನ್ನಿನ ಬ್ರೈಟನ್ ನಗರದ ಆಸ್ಪತ್ರೆಗಳು ‘ಮಹಿಳೆ’ ಪದವನ್ನು ಕೈಬಿಡದೆ, ಅದರ ಜತೆಗೆ ‘ಹೆರುವ ವ್ಯಕ್ತಿಗಳು’ ಎಂದು ಸೇರಿಸಿದವು. 2025ರ ಏಪ್ರಿಲ್ 16ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್, ಅಲ್ಲಿನ 2010ರ ಸಮಾನತಾ ಕಾಯಿದೆಯಲ್ಲಿ ‘ಮಹಿಳೆ’ ಎಂದರೆ ಜೈವಿಕ ಲಿಂಗವೇ ಎಂದು ತೀರ್ಪಿತ್ತಿತು.

ಕನ್ನಡದ ತೊಡಕು

ಕನ್ನಡದಲ್ಲಿ ‘ಗರ್ಭಿಣಿ’, ‘ಬಾಣಂತಿ’ ಸ್ತ್ರೀಲಿಂಗದ ಪದಗಳು. ರಾಜ್ಯದಲ್ಲಿ ಗರ್ಭಿಣಿಗೆ ದೊರೆಯುವ ದಾಖಲೆಯ ಹೆಸರೇ ‘ತಾಯಿ ಕಾರ್ಡ್’. ‘ಗರ್ಭ ಧರಿಸಿದ ವ್ಯಕ್ತಿ’ ಎಂದರೆ ಆಶಾ ಕಾರ್ಯಕರ್ತೆ ಭೇಟಿ ನೀಡುವ ಮನೆಗಳಲ್ಲಿ ಎಷ್ಟು ಮಂದಿಗೆ ತಿಳಿದೀತು? ಹಾಗೆಂದು ‘ತಾಯಿ’ ಎಂಬ ಕರೆಗೆ ಓಗೊಡಲಾಗದವರನ್ನು ಹೊರಗಿಡುವುದೂ ನ್ಯಾಯವಲ್ಲ. ಗೌರವಸೂಚಕ ‘ಅವರು’ ಮಾತ್ರ ಲಿಂಗಭೇದವಿಲ್ಲದೆ ಎಲ್ಲರಿಗೂ ಸಲ್ಲುತ್ತದೆ.

ತಿಳಿದಿರಬೇಕಾದದ್ದು

ಪದದ ಚರ್ಚೆ ಏನೇ ಇರಲಿ, ಕೆಲವು ಅಂಶಗಳಲ್ಲಿ ಗೊಂದಲವಿಲ್ಲ. 18 ವರ್ಷ ತುಂಬಿದ, ಮಾನಸಿಕ ಅಸ್ವಸ್ಥತೆ ಇಲ್ಲದ ಮಹಿಳೆಯ ಸ್ವಂತ ಒಪ್ಪಿಗೆಯಷ್ಟೇ ಸಾಕು. ಪತಿಯ ಅಥವಾ ಮನೆಯವರ ಸಹಿಯನ್ನು ಕಾಯಿದೆ ಕೇಳುವುದಿಲ್ಲ. ವೈದ್ಯರು ಇಂತಹ ಹೆಚ್ಚುವರಿ ಷರತ್ತು ಹೇರುವುದನ್ನು 2022ರ ತೀರ್ಪು ಆಕ್ಷೇಪಿಸಿದೆ. ಹೆಸರು, ವಿವರ ಬಹಿರಂಗಪಡಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು.