ಸವಾರನ ದಾರಿ, ದನಗಾಹಿಯ ನೆಲ: ಕೈಪ್‌ನ ಒಂದು ನಿಸರ್ಗಚಿತ್ರ

ಹದಿನೇಳನೆಯ ಶತಮಾನದ ಡಚ್ ನಿಸರ್ಗಚಿತ್ರಗಳನ್ನು ಅಂದಿನ ಗ್ರಾಮಜೀವನದ ಆಕರಗಳೆಂದು ಬಳಸಿಕೊಳ್ಳುವ ಆಸೆ ಜಾನಪದ ಅಭ್ಯಾಸಿಗೆ ಸಹಜವಾದುದು. ಡೋರ್ಡ್ರೆಕ್ಟ್ ನಗರದ ಆಲ್ಬರ್ಟ್ ಕೈಪ್ (1620–1691) ಸುಮಾರು 1658–60ರಲ್ಲಿ ರಚಿಸಿದ ‘ಕುದುರೆ ಸವಾರ ಹಾಗೂ ಹಳ್ಳಿಗರಿರುವ ನದೀದೃಶ್ಯ’ ಈ ಆಸೆಯನ್ನು ಪರೀಕ್ಷೆಗೊಡ್ಡುತ್ತದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಎರಡು ಮೀಟರಿಗೂ ಮಿಕ್ಕ ಅಗಲದ ಈ ತೈಲಚಿತ್ರದಲ್ಲಿ ಹೊಂಬಿಸಿಲು ನೀರಿನ ಮೇಲೂ ಗುಡ್ಡಗಳ ಮೇಲೂ ಹರಡಿದೆ. ದಾರಿಯಲ್ಲೊಬ್ಬ ಸವಾರ, ಬಳಿಯಲ್ಲಿ ದನ, ಕುರಿ, ಅವುಗಳನ್ನು ಕಾಯುವ ಜನ. ಎಡಕ್ಕೆ ಬೇಟೆಗಾರನೊಬ್ಬ ಹೊಂಚಿ ಕುಳಿತು ನೀರುಹಕ್ಕಿಗಳತ್ತ ಗುರಿಯಿಟ್ಟಿದ್ದಾನೆ.

ಈ ಬೆಳಕು ಎರವಲಿನದು. ಕೈಪ್ ಇಟಲಿಯನ್ನು ಕಂಡವನಲ್ಲ. ರೋಮಿನಲ್ಲಿದ್ದು 1640ರ ದಶಕದ ಆರಂಭದಲ್ಲಿ ಉಟ್ರೆಕ್ಟಿಗೆ ಮರಳಿದ ಯಾನ್ ಬೋಟ್‌ನಂಥವರ ಚಿತ್ರಗಳಿಂದ ಅದನ್ನು ಪಡೆದನು. ಗುಡ್ಡಗಳೂ ಸಮತಟ್ಟಾದ ಡೋರ್ಡ್ರೆಕ್ಟ್ ಸೀಮೆಯವಲ್ಲ. ಅವನು 1650ರ ದಶಕದ ಮೊದಲಲ್ಲಿ ರೈನ್ ನದಿಗುಂಟ ನೈಮೇಗನ್, ಕ್ಲೀವ್ಸ್‌ಗಳ ಕಡೆಗೆ ಸಂಚರಿಸಿ ರೇಖಾಚಿತ್ರಗಳನ್ನು ಬರೆದುಕೊಂಡಿದ್ದನು.

ಇಷ್ಟನ್ನು ಕಲಾ ಇತಿಹಾಸಕಾರರೇ ಹೇಳಿದ್ದಾರೆ. ನನ್ನ ಪ್ರಶ್ನೆ ದನಗಾಹಿಯದು. ಹಾಲೆಂಡಿನ ತಗ್ಗು ಹುಲ್ಲುಗಾವಲುಗಳಲ್ಲಿ ನೀರಿನ ಕಾಲುವೆಗಳೇ ಬೇಲಿ. ಕೋಲು ಹಿಡಿದು ದಿನವಿಡೀ ದನದ ಹಿಂದೆ ಅಲೆಯುವವನ ಅಗತ್ಯ ಅಲ್ಲಿ ಕಡಿಮೆ. ಅಲ್ಲಿನ ನಿಜವಾದ ದುಡಿಮೆ ಹಾಲು ಕರೆಯುವುದು, ಬೆಣ್ಣೆ ತೆಗೆಯುವುದು, ಗಿಣ್ಣು ಕಟ್ಟುವುದು. ಹೀಗಿರುವಾಗ ದಾರಿಬದಿಯ ಈ ಗೋಪಾಲಕರು ಹಾಲೆಂಡಿನ ಒಕ್ಕಲು ಜೀವನದಿಂದ ಬಂದವರೆನ್ನುವುದಕ್ಕಿಂತ ಇಟಲಿಯ ಬಿಸಿಲಿನ ಜೊತೆಗೇ ಬಂದವರೆನ್ನುವುದು ಹೆಚ್ಚು ಸೂಕ್ತ. ಹಸುಗಳು ಮಾತ್ರ ಅಪ್ಪಟ ಸ್ಥಳೀಯ; ಅವುಗಳ ಮೈಕಟ್ಟಿನಲ್ಲಿ ಕೈಪ್ ಸುಳ್ಳು ಹೇಳಿಲ್ಲ.

ಅದೇ ಗ್ಯಾಲರಿಯಲ್ಲಿ, ಸುಮಾರು 1650ರ ಅವನದೇ ಇನ್ನೊಂದು ಚಿತ್ರವಿದೆ. ದೂರದಲ್ಲಿ ಡೋರ್ಡ್ರೆಕ್ಟಿನ ಮಹಾಚರ್ಚು, ಮುಂಗಡೆ ನಾಲ್ಕು ಹಸುಗಳು ಮತ್ತು ಹಾಲು ಕರೆಯುವ ಹೆಂಗಸು. ಹತ್ತು ವರ್ಷಗಳೊಳಗೆ ಊರಿನ ಗುರುತು ಮರೆಯಾಯಿತು, ಹಾಲಿನವಳು ಹೋದಳು, ಸವಾರ ಬಂದನು. 1658ರಲ್ಲಿ ಕೈಪ್ ಸಿರಿವಂತ ವಿಧವೆಯೊಬ್ಬಳನ್ನು ಮದುವೆಯಾದನು, ಆಮೇಲೆ ಚಿತ್ರ ಬರೆದುದೇ ಕಡಿಮೆ. ಈ ಪಲ್ಲಟಕ್ಕೆ ಮದುವೆಯೊಂದೇ ಕಾರಣವೆಂದು ನಾನು ಹೇಳಲಾರೆ. ಕೊಳ್ಳುವವರ ರುಚಿಯೂ ಬದಲಾಗಿತ್ತು. ಮುಂದೆ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಜಮೀನುದಾರರು ಕೈಪ್‌ನನ್ನು ಮುಗಿಬಿದ್ದು ಕೊಂಡರು. ಸವಾರನ ಚಿತ್ರವು 1989ರಲ್ಲಿ ಗ್ಯಾಲರಿಗೆ ಬಂದುದು ಬ್ಯೂಟ್ ಶ್ರೀಮಂತ ಮನೆತನದ ಸಂಗ್ರಹದಿಂದ.