ಅಡಿಕೆ ತೋಟದ ವೆನಿಲ್ಲಾ: ಮನೆಬಳಕೆಗೆ ಕೊಯ್ಲು ಮತ್ತು ಸಂಸ್ಕರಣೆ

ಪುತ್ತೂರು, ಸುಳ್ಯ ಮತ್ತು ಕಡಬ ಭಾಗದ ಅಡಿಕೆ ತೋಟಗಳಲ್ಲಿ 2003ರ ಸುಮಾರಿಗೆ ಅಧಿಕ ಬೆಲೆಯ ನಿರೀಕ್ಷೆಯಿಂದ ಹಬ್ಬಿದ ವೆನಿಲ್ಲಾ ಕೃಷಿಯು ದರ ಕುಸಿದ ಬಳಿಕ ಬಹುಮಟ್ಟಿಗೆ ನಿಂತುಹೋಯಿತು. ಉಳಿದ ನಾಲ್ಕಾರು ಬಳ್ಳಿಗಳು ಮನೆಯ ಅಗತ್ಯಕ್ಕೆ ಸಾಕಾಗುತ್ತವೆ. ಹಸಿ ಕೋಡಿನಲ್ಲಿ ಪರಿಮಳವಿರುವುದಿಲ್ಲ. ಬಲಿತ ಕೋಡನ್ನು ಸಂಸ್ಕರಿಸಿದಾಗ ಮಾತ್ರ ಅದು ಮೂಡುತ್ತದೆ. ಆದ್ದರಿಂದ ಅವಸರದ ಕೊಯ್ಲು ಸಲ್ಲದು.

ಪರಾಗಸ್ಪರ್ಶ: ಹೂವು ಒಂದೇ ದಿನ ಅರಳಿರುತ್ತದೆ. ಬೆಳಿಗ್ಗೆ 6ರಿಂದ ಮಧ್ಯಾಹ್ನದೊಳಗೆ ಚೂಪಾದ ಕಡ್ಡಿಯಿಂದ ಹೂವಿನೊಳಗಿನ ತೆಳು ಪೊರೆಯನ್ನು ಮೇಲೆತ್ತಿ, ಪರಾಗವನ್ನು ಶಲಾಕಾಗ್ರಕ್ಕೆ ಮೃದುವಾಗಿ ಒತ್ತಬೇಕು. ಗೊಂಚಲಿಗೆ 8ರಿಂದ 10 ಹೂಗಳು ಸಾಕು.

ಕೊಯ್ಲು: ಕೋಡು ಬಲಿಯಲು 9ರಿಂದ 11 ತಿಂಗಳು ಬೇಕು. ಮಳೆಗಾಲದಲ್ಲಿ ಬಳ್ಳಿಯ ಬುಡದಲ್ಲಿ ನೀರು ನಿಲ್ಲಬಾರದು. ಕೋಡಿನ ತುದಿ ಹಳದಿ ಬಣ್ಣಕ್ಕೆ ತಿರುಗಿದಾಗ ಒಂದೊಂದಾಗಿ ಕೊಯ್ಯಬೇಕು. ಗೊಂಚಲನ್ನು ಒಮ್ಮೆಲೇ ಕತ್ತರಿಸಬಾರದು. ತಡವಾದರೆ ಕೋಡು ಸೀಳುತ್ತದೆ.

ಸಂಸ್ಕರಣೆ: 63ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 3 ನಿಮಿಷ ಅದ್ದಿ, ನೀರು ಬಸಿದು, ಬಿಸಿಯಿರುವಾಗಲೇ ಕಂಬಳಿಯಲ್ಲಿ ಸುತ್ತಿ ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು. ಮರುದಿನದಿಂದ 7ರಿಂದ 10 ದಿನ, ದಿನಕ್ಕೆ 2ರಿಂದ 3 ಗಂಟೆ ಬಿಸಿಲಿಗೆ ಹರಡಿ, ಬಿಸಿಯಾಗಿಯೇ ಮತ್ತೆ ಸುತ್ತಿಡಬೇಕು. ಬಳಿಕ ಬಾಗಿಸಿದರೆ ಮುರಿಯದ ಹದಕ್ಕೆ ನೆರಳಿನಲ್ಲಿ ಒಣಗಿಸಿ, 2ರಿಂದ 3 ತಿಂಗಳು ಮುಚ್ಚಿದ ಪೆಟ್ಟಿಗೆಯಲ್ಲಿ ಹದಗೊಳಿಸಬೇಕು. ವಾರಕ್ಕೊಮ್ಮೆ ಪರೀಕ್ಷಿಸಿ, ಬೂಸ್ಟು ಹಿಡಿದವುಗಳನ್ನು ತೆಗೆದುಹಾಕಬೇಕು. 1 ಕೆ.ಜಿ. ಸಿದ್ಧ ಕೋಡಿಗೆ 5ರಿಂದ 6 ಕೆ.ಜಿ. ಹಸಿ ಕೋಡು ಬೇಕಾಗುತ್ತದೆ.

ಬಳಕೆ: ಕೋಡನ್ನು ಉದ್ದಕ್ಕೆ ಸೀಳಿ ಸಕ್ಕರೆ ಡಬ್ಬಿಯಲ್ಲಿ ಹುದುಗಿಸಿಡಬಹುದು, ಪಾಯಸ ಅಥವಾ ಐಸ್‌ಕ್ರೀಮಿನ ಹಾಲಿನಲ್ಲಿ ಕುದಿಸಬಹುದು.