ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ

ಹಳದಿ ಜ್ವರದ ಲಸಿಕೆ ಪ್ರಮಾಣಪತ್ರವು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ಉಷ್ಣವಲಯದ ದೇಶಗಳಿಗೆ ಹೋಗಿಬರುವವರು ಪಾಸ್‌ಪೋರ್ಟಿನೊಡನೆ ಇಟ್ಟುಕೊಳ್ಳಬೇಕಾದ ಆರೋಗ್ಯ ದಾಖಲೆಯಾಗಿದೆ. ಇದನ್ನು ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಗೆ ಅನುಗುಣವಾಗಿ ನೀಡಲಾಗುತ್ತದೆ.

ರೋಗ ಮತ್ತು ಲಸಿಕೆ

ಹಳದಿ ಜ್ವರವು ಸೊಳ್ಳೆ ಕಡಿತದಿಂದ ಹರಡುವ ವೈರಾಣು ರೋಗ. ರೋಗ ಉಲ್ಬಣಿಸಿದಾಗ ಯಕೃತ್ತಿಗೆ ಹಾನಿಯಾಗಿ ಕಾಮಾಲೆ ಕಾಣಿಸಿಕೊಳ್ಳುವುದರಿಂದ ಈ ಹೆಸರು ಬಂದಿದೆ. ಇದನ್ನು ಗುಣಪಡಿಸುವ ನಿರ್ದಿಷ್ಟ ಔಷಧವಿಲ್ಲದ ಕಾರಣ ಲಸಿಕೆಯೇ ಪ್ರಮುಖ ರಕ್ಷಣೆ. 1930ರ ದಶಕದಲ್ಲಿ ಈ ಲಸಿಕೆಯನ್ನು ರೂಪಿಸಿದ ಮ್ಯಾಕ್ಸ್ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಭಾರತದ ನಿಯಮ

ಭಾರತದಲ್ಲಿ ಹಳದಿ ಜ್ವರವಿಲ್ಲ. ಆದರೆ ಇಲ್ಲಿ ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯೇ ಈ ರೋಗವನ್ನೂ ಹರಡಬಲ್ಲದು. ಸೋಂಕಿತನೊಬ್ಬನು ಬಂದರೂ ರೋಗವು ಇಲ್ಲಿ ನೆಲೆಯೂರುವ ಅಪಾಯವಿದೆ. ಆದ್ದರಿಂದ ರೋಗವಿರುವ ದೇಶಗಳಿಂದ ಬರುವವರು ಪ್ರಮಾಣಪತ್ರ ಹೊಂದಿರದಿದ್ದಲ್ಲಿ ಅವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲಾಗುತ್ತದೆ.

ಪಡೆಯುವ ವಿಧಾನ

ಲಸಿಕೆಯನ್ನು ಸರ್ಕಾರದ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿಕೊಳ್ಳಬೇಕು. ಬೆಂಗಳೂರಿನಲ್ಲಿಯೂ ಇಂತಹ ಕೇಂದ್ರವಿದೆ. ಮೊದಲ ಬಾರಿಗೆ ಲಸಿಕೆ ಪಡೆದವರ ಪ್ರಮಾಣಪತ್ರವು 10 ದಿನಗಳ ನಂತರವೇ ಊರ್ಜಿತವಾಗುವುದರಿಂದ, ಹೊರಡುವ ಹಿಂದಿನ ದಿನ ಲಸಿಕೆ ಪಡೆದರೆ ನಿಯಮ ಪಾಲಿಸಿದಂತಾಗುವುದಿಲ್ಲ. ಹಿಂದೆ 10 ವರ್ಷಗಳಿದ್ದ ಇದರ ಅವಧಿಯು 2016ರ ಜುಲೈ 11ರಿಂದ ಜೀವನಪರ್ಯಂತಕ್ಕೆ ವಿಸ್ತರಿಸಿದೆ. ಇದು ಸಜೀವ ಲಸಿಕೆಯಾದುದರಿಂದ ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ ಸಾಮಾನ್ಯವಾಗಿ ನೀಡುವುದಿಲ್ಲ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಗರ್ಭಿಣಿಯರು ಮತ್ತು 60 ವರ್ಷ ದಾಟಿದವರು ಮೊದಲೇ ವೈದ್ಯರ ಸಲಹೆ ಪಡೆಯಬೇಕು.